ಪರದೆ ತುಂಬ ಒಂದೇ ಹೆಸರು

1998ರ ಜೂನ್‌ನಲ್ಲಿ ಒಂದು ಬೆಳಿಗ್ಗೆ ಹತ್ತೂವರೆಗೆ, ಕುಂದಾಪುರದ ಕಂಪ್ಯೂಟರ್ ತರಗತಿಯಲ್ಲಿ ನನ್ನ ಸರದಿಗೆ ಕಾಯುತ್ತ ನಾನು ನಾವುಂದದ ಗಿರಿಜಕ್ಕನ ಕುರ್ಚಿಯ ಹಿಂದೆ ನಿಂತಿದ್ದೆ. ಕಡಲಿಗೆ ಮೀನು ಹಿಡಿಯಲು ಹೋದ ಅವರ ಗಂಡ ಎರಡು ವರ್ಷವಾದರೂ ಮರಳಿರಲಿಲ್ಲ. ನಮ್ಮ ಹೆಸರನ್ನು ಮತ್ತೆ ಮತ್ತೆ ಬರೆಸುವ ಬೇಸಿಕ್ ಭಾಷೆಯ ಎರಡು ಸಾಲಿನ ಪ್ರೋಗ್ರಾಂ ಅಂದಿನ ಪಾಠ. ಗಿರಿಜಕ್ಕ ಗಂಡನ ಹೆಸರು ಒತ್ತಿದರು. ಪರದೆ ತುಂಬ ‘ನಾಗೇಶ’ ಎಂಬ ಇಂಗ್ಲಿಷ್ ಅಕ್ಷರಗಳು ಓಡತೊಡಗಿದವು.

“ಎಂತ ಅಕ್ಕಾ, ನಿಮ್ ಹೆಸ್ರೇ ಮರ್ತ್ ಹೋಯ್ತಾ?” ಎಂದು ಪಕ್ಕದ ಸುಮತಿ ನಕ್ಕಳು. ಮೇಷ್ಟ್ರು ಪ್ರೋಗ್ರಾಂ ನಿಲ್ಲಿಸಲು ಕೈ ಚಾಚಿದರು.

“ನಿಲ್ಸ್‌ಬೇಡಿ ಸರ್! ಗಂಡನ ಹೆಸ್ರ್ ನಾ ಬಾಯಲ್ ಹೇಳುಕಾತಿಲ್ಲ. ಈ ಕಂಪ್ಯೂಟರಾರೂ ಕರಿಲಿ.”

ಹಾಗೆನ್ನುವಾಗ ಗಿರಿಜಕ್ಕ ಅಳುತ್ತಿದ್ದರೋ ನಗುತ್ತಿದ್ದರೋ, ಹಿಂದೆ ನಿಂತಿದ್ದ ನನಗೆ ಇಂದಿಗೂ ತಿಳಿಯದು. ಮೇಷ್ಟ್ರು ಈಗ ತೀರಿಕೊಂಡಿದ್ದಾರೆ. ಸುಮತಿ ಬೈಂದೂರಿನಲ್ಲಿದ್ದಾಳೆ, ಅವಳಿಗೂ ತಿಳಿದಿಲ್ಲವಂತೆ.