ಫಿಲೋಮೀನಳ ಎಡಗೈ

ಫಿಲೋಮೀನ್ ಎಡಗೈ ಎತ್ತಿದಳೆಂದರೆ ಬಾರ್ತೆ ಹೋಟೆಲಿನ ಅಡುಗೆಮನೆಯಲ್ಲಿ ಯಾರೂ ತುಟಿ ಬಿಚ್ಚುವಂತಿರಲಿಲ್ಲ. ಬಲಗೈಯಲ್ಲಿ ಮರದ ಸೌಟು, ಎದುರಿಗೆ ಕಬ್ಬಿಣದ ದೊಡ್ಡ ಬಾಣಲೆ, ಅದರಲ್ಲಿ ಎಣ್ಣೆ ಮತ್ತು ಗೋಧಿ ಹಿಟ್ಟು. ಬಾಗಿಲಲ್ಲಿ ಯಾರದೇ ನೆರಳು ಬಿದ್ದರೂ ತಿರುಗಿ ನೋಡದೆ ಎಡಗೈಯ ಅಂಗೈಯನ್ನು ಆ ಕಡೆ ಹಿಡಿಯುತ್ತಿದ್ದಳು. ತಡಿ ಎಂದರ್ಥ. ಬಂದವರು ತಡೆಯುತ್ತಿದ್ದರು, ಪಾದ್ರಿಯಾದರೂ ಸರಿ, ಪೊಲೀಸಿನವನಾದರೂ ಸರಿ.

ಗಂಬೊ ಸಾರಿನ ಜೀವ ಇರುವುದೇ ಈ ಹುರಿದ ಹಿಟ್ಟಿನಲ್ಲಿ. ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವುತ್ತಿರಬೇಕು. ಮೊದಲು ಮರಳಿನ ಬಣ್ಣ, ಆಮೇಲೆ ಕಡಲೆಬೀಜದ ಬಣ್ಣ, ಕೊನೆಗೆ ಹಳೇ ತಾಮ್ರದ ಕಾಸಿನ ಬಣ್ಣ. ಒಂದು ಗಳಿಗೆ ಕೈ ನಿಂತರೆ ತಳ ಹಿಡಿಯುತ್ತದೆ. ಒಂದು ಕಪ್ಪು ಚುಕ್ಕೆ ಕಂಡರೂ ಇಡೀ ಬಾಣಲೆ ಚೆಲ್ಲಬೇಕು. ನಮ್ಮ ನ್ಯೂ ಆರ್ಲಿಯನ್ಸಿನ ಹೆಂಗಸರೆಲ್ಲ ಒಂದಲ್ಲ ಒಂದು ದಿನ ಹಿಟ್ಟು ಸೀಯಿಸಿದವರೇ. ಫಿಲೋಮೀನ್ ಸೀಯಿಸಿದ್ದನ್ನು ಮಾತ್ರ ನಾನು ಕಂಡಿರಲಿಲ್ಲ. ಕಂಡಿದ್ದರೆ ಮುಚ್ಚಿಡುತ್ತಲೂ ಇರಲಿಲ್ಲ, ಈ ಬರ್ನೀಸಳ ಬಾಯಿ ಎಂಥದ್ದೆಂದು ನಮ್ಮ ಏಳನೇ ವಾರ್ಡಿಗೆಲ್ಲ ಗೊತ್ತು.

ನಾವಿಬ್ಬರೂ ಕನ್ಯಾಸ್ತ್ರೀಯರ ಶಾಲೆಯಲ್ಲಿ ಒಂದೇ ಬೆಂಚಿನವರು. ಅವಳು ಆಲ್ಸೀಡ್ ಬಾರ್ತೆಯನ್ನು ಮದುವೆಯಾಗಿ, ಮನೆಯ ಮುಂದಿನ ಕೋಣೆಗಳನ್ನೇ ಹೋಟೆಲು ಮಾಡಿದಾಗ, ಬಡಿಸಲು ನನ್ನನ್ನು ಕರೆದಳು. ಆಗ ನಮ್ಮಂಥ ಕಪ್ಪು ಜನ ಊರೊಳಗಿನ ದೊಡ್ಡ ಹೋಟೆಲುಗಳಿಗೆ ಹಿಂಬಾಗಿಲಿನಿಂದ ಮಾತ್ರ ಹೋಗಬಹುದಿತ್ತು, ಅದೂ ಪಾತ್ರೆ ತೊಳೆಯಲಿಕ್ಕೆ, ಬೇಯಿಸಲಿಕ್ಕೆ. ಬಿಳಿ ಬಟ್ಟೆ ಹಾಸಿದ ಮೇಜಿಗೆ ಕೂತು ಮರ್ಯಾದೆಯಿಂದ ಉಣ್ಣಬೇಕೆಂದವರು ಬಾರ್ತೆಗೆ ಬರುತ್ತಿದ್ದರು. ಮದುವೆ ಮಾತುಕತೆ ಇಲ್ಲಿ, ಮಗುವಿಗೆ ಹೆಸರಿಟ್ಟ ಊಟ ಇಲ್ಲಿ, ಮಣ್ಣು ಮಾಡಿ ಬಂದವರ ಊಟವೂ ಇಲ್ಲಿ. ಮುಂದೆ ಸರ್ಕಾರದವರು ನಮ್ಮ ಬೀದಿಯ ಓಕ್ ಮರಗಳನ್ನು ಕಡಿದುಹಾಕಿ ತಲೆಯ ಮೇಲೆ ಹೆದ್ದಾರಿ ಕಟ್ಟಿದರು. ಅಕ್ಕಪಕ್ಕದ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿಕೊಂಡವು. ಬಾರ್ತೆ ಉಳಿದದ್ದು ಗಂಬೊದಿಂದ.

ಕೈಯ ಕಟ್ಟಳೆಯನ್ನು ಮಾಡಿದವನು ಆಲ್ಸೀಡನೇ. ಅವನ ಮನೆತನದವರೆಲ್ಲ ಗಾರೆ ಕೆಲಸದವರು. ಗಾರೆ ಹಸಿ ಇರುವಾಗ ಕೈ ತೆಗೆದರೆ ಗೋಡೆ ಕೆಟ್ಟಿತು ಅನ್ನುತ್ತಿದ್ದ. ಹೆಂಡತಿಯ ಬಾಣಲೆಗೂ ಅದೇ ಮರ್ಯಾದೆ ಕೊಟ್ಟ. ಗಿರಾಕಿಗಳು ಅಡುಗೆಯವಳನ್ನು ಮಾತಾಡಿಸಬೇಕೆಂದರೆ ತಾನೇ ಅಡ್ಡ ನಿಲ್ಲುತ್ತಿದ್ದ.

"ಪೋಪರು ಬಂದ್ರೂ ಹೊರಗೇ ಕೂತಿರ್ಬೇಕು ಬೇಬಿ," ಅನ್ನುತ್ತಿದ್ದ, ನಮ್ಮೂರಲ್ಲಿ ಎಲ್ಲರೂ ಬೇಬಿಯೇ. "ಕಟ್ಕೊಂಡೋನು ನಾನು, ನಂಗೇ ಒಳಗ್ ಹೋಗಕ್ಕೆ ಪರ್ಮಿಶನ್ ಇಲ್ಲ."

"ನಿನ್ನ ಒಳಗ್ ಬಿಟ್ರೆ ಸೌಟು ನೆಕ್ತೀಯ, ಅದಕ್ಕೇ," ಎಂದು ನಾನು ರೇಗಿಸುತ್ತಿದ್ದೆ.

"ಬರ್ನೀಸ್, ನಿನ್ ನಾಲಿಗೇನ ಒಂದಿನ ಆ ಬಾಣಲೇಲಿ ಹುರೀಬೇಕು ನೋಡು. ಊರಿಗೇ ನೆಮ್ಮದಿ."

ಗಿರಾಕಿಗಳು ನಗುತ್ತಿದ್ದರು. ಮಗಳು ಯುಲಾಲಿ ಹುಟ್ಟುವ ನೋವು ಬಂದಾಗಲೂ ಫಿಲೋಮೀನ್ ಹಿಟ್ಟನ್ನು ಹದಕ್ಕೆ ತಂದು, ಈರುಳ್ಳಿ ಸುರಿದು, ಆಮೇಲೇ ಸೂಲಗಿತ್ತಿಗೆ ಹೇಳಿಕಳಿಸಿದಳಂತೆ ಎಂಬ ಕಥೆಯನ್ನು ಆಲ್ಸೀಡ್ ಹೊಸಬರಿಗೆಲ್ಲ ಹೇಳುತ್ತಿದ್ದ. ಕಥೆ ನಿಜ. ಆ ದಿನ ಅವಳ ಪಕ್ಕದಲ್ಲಿ ನಾನೇ ಇದ್ದೆ.

ನಮ್ಮಲ್ಲಿ ಪವಿತ್ರ ಗುರುವಾರ ಸೊಪ್ಪಿನ ಗಂಬೊ ಆಗಲೇಬೇಕು. ಮರುದಿನ ಯೇಸು ಶಿಲುಬೆಗೇರಿದ ಶುಕ್ರವಾರ, ಉಪವಾಸ. ಅದಕ್ಕೇ ಗುರುವಾರ ಸಾಸಿವೆ ಸೊಪ್ಪು, ಬೀಟ್‌ರೂಟಿನ ಸೊಪ್ಪು, ಕ್ಯಾರೆಟ್ಟಿನ ತುದಿ, ಕೋಸಿನ ಹೊರಗಿನ ಎಲೆ, ಸಿಕ್ಕಿದ್ದೆಲ್ಲ ಹಾಕಿ, ಹಂದಿ, ಕೋಳಿ, ಸಾಸೇಜು ಬೆರೆಸಿ ಕುದಿಸುತ್ತೇವೆ. ಎಷ್ಟು ಬಗೆಯ ಸೊಪ್ಪು ಬಿತ್ತೋ ಆ ವರ್ಷ ಅಷ್ಟು ಹೊಸ ಸ್ನೇಹಿತರು ಸಿಗುತ್ತಾರೆಂದು ನಂಬಿಕೆ. ಬೆಳಗಿನಿಂದಲೇ ಕೇರಿಯವರು ಪಾತ್ರೆ ಹಿಡಿದು ಬಾರ್ತೆಯ ಬಾಗಿಲಲ್ಲಿ ನಿಲ್ಲುತ್ತಿದ್ದರು.

ಒಂದು ವರ್ಷ ಆ ಗುರುವಾರ ನಾನೂ ಬೆಳೆದುನಿಂತಿದ್ದ ಯುಲಾಲಿಯೂ ಮುಂದಿನ ಕೋಣೆಯಲ್ಲಿ ಮೇಜು ಹಾಸುತ್ತಿದ್ದೆವು. ಆಲ್ಸೀಡ್ ಹಿತ್ತಲಿನ ನಲ್ಲಿಯಲ್ಲಿ ಸೊಪ್ಪು ತೊಳೆಯುತ್ತಿದ್ದ. ಹುರಿದ ಹಿಟ್ಟಿನ ಘಮ ಬಂತು, ಆಮೇಲೆ ಈರುಳ್ಳಿ ಬಿದ್ದ ಚುರ್ರೆನ್ನುವ ಸದ್ದು. ಹದ ಸಿಕ್ಕಿತು, ಇನ್ನು ಮಾತಾಡಬಹುದು ಎಂದು ಆ ಸದ್ದಿನ ಅರ್ಥ. ಸ್ವಲ್ಪ ಹೊತ್ತಿಗೆ ಫಿಲೋಮೀನ್ ನನ್ನನ್ನು ಕೂಗಿದಳು. ಅಂಥ ಕೂಗನ್ನು ಅವಳ ಬಾಯಲ್ಲಿ ನಾನು ಕೇಳಿರಲಿಲ್ಲ.

ಆಲ್ಸೀಡ್ ಅಡುಗೆಮನೆಯ ಬಾಗಿಲಾಚೆ, ಹಿತ್ತಲಿಗೆ ಹೋಗುವ ಓಣಿಯಲ್ಲಿ, ಈರುಳ್ಳಿ ಮೂಟೆಯ ಮೇಲೆ ಕೂತು ಗೋಡೆಗೆ ಒರಗಿದ್ದ. ಕೈಗಳಲ್ಲಿ ಇನ್ನೂ ಸೊಪ್ಪಿನ ನೀರಿತ್ತು. ಆಂಬುಲೆನ್ಸು ಬಂತು, ಒಯ್ದರು, ಆದರೆ ಒಯ್ಯುವಾಗಲೇ ಉಸಿರು ಇರಲಿಲ್ಲ. ಎದೆನೋವು ಬಂದ ಕೂಡಲೇ ಹೇಳಿದ್ದರೆ ಏನಾದರೂ ಮಾಡಬಹುದಿತ್ತು ಎಂದು ಡಾಕ್ಟರು ಅಂದರು. ಫಿಲೋಮೀನ್ ಅದನ್ನು ನಿಂತೇ ಕೇಳಿಸಿಕೊಂಡಳು.

ಇತ್ತ ಬಾಗಿಲಲ್ಲಿ ಜನ. ವಾಪಸು ಕಳಿಸಲು ಯುಲಾಲಿಗೆ ಮನಸ್ಸಾಗಲಿಲ್ಲ, ಹಿಟ್ಟು ಹದವಾಗಿ ಕೂತಿತ್ತು, ಅಳುತ್ತಲೇ ಸೊಪ್ಪು ಸುರಿದು ಗಂಬೊ ಮುಗಿಸಿದಳು. ನಾನು ಬಡಿಸಿದೆ. ಅಂಥ ಗಂಬೊ ನಾನು ಹುಟ್ಟಿದಾಗಿನಿಂದ ಉಂಡಿರಲಿಲ್ಲ. ಹೇಳಲು ಹೇಸಿಗೆಯಾಗುತ್ತದೆ, ಆದರೆ ಅದೇ ನಿಜ. ಜನ ಆಲ್ಸೀಡನಿಗಾಗಿ ಕಣ್ಣೊರೆಸಿಕೊಂಡರು, ಇನ್ನೊಂದು ಬಟ್ಟಲು ಕೇಳಿದರು. ಮೂಲೆಯ ಮೇಜಿನಲ್ಲಿ ಪತ್ರಿಕೆಗೆ ಹೋಟೆಲುಗಳ ಬಗ್ಗೆ ಬರೆಯುವವನೊಬ್ಬ ಕೂತಿದ್ದ. ಅವನೂ ಕೇಳಿದ.

ಬ್ಯಾಂಡಿನವರು ಬಂದು, ನಮ್ಮೂರ ಪದ್ಧತಿಯಂತೆ ಸಮಾಧಿಯವರೆಗೆ ನಿಧಾನವಾಗಿ ಬಾರಿಸುತ್ತ, ಬರುವಾಗ ಕುಣಿಸುತ್ತ ಆಲ್ಸೀಡನನ್ನು ಕಳಿಸಿಕೊಟ್ಟರು. ಫಿಲೋಮೀನ್ ಕುಣಿಯಲಿಲ್ಲ. ಮನೆಗೆ ಬಂದ ಮೇಲೆ ನನ್ನನ್ನು ಹಿತ್ತಲಿಗೆ ಕರೆದಳು.

"ಅವ್ನು ಬಾಗಿಲಿಗೆ ಬಂದಿದ್ದ ಕಣೆ."

"ಯಾರು?"

"ಆಲ್ಸೀಡ್. ಫಿಲೋ ಅಂದ. ಒಂದೇ ಸಲ. ನಾನು ಕೈ ತೋರ್ಸ್ದೆ."

ಅವಳು ಎಡಗೈಯ ಅಂಗೈ ತಿರುಗಿಸಿ ನೋಡಿಕೊಂಡಳು.

"ತಿರುಗಿ ನೋಡ್ಲಿಲ್ಲ. ಹಿಟ್ಟು ಇನ್ನೇನ್ ಬಣ್ಣಕ್ಕೆ ಬರ್ತಿತ್ತು. ಅವ್ನು ಹೋಗಿ ಮೂಟೆ ಮೇಲೆ ಕೂತಿದ್ದೂ ಕೇಳಿಸ್ತು. ಕಾಯ್ತಾ ಕೂತಿದಾನೆ ಅಂದ್ಕೊಂಡೆ."

"ನಿಂಗೆ ಹೇಗೆ ಗೊತ್ತಾಗ್ಬೇಕು ಫಿಲೋ?"

"ಹಿಟ್ಟು ಒಲೆ ಮೇಲಿದ್ದಾಗ ಅವ್ನು ಯಾವತ್ತಾದ್ರೂ ನನ್ ಹೆಸ್ರು ಕರ್ದಿದ್ನಾ? ಅಷ್ಟಕ್ಕೇ ಗೊತ್ತಾಗ್ಬೇಕಿತ್ತು."



ಪತ್ರಿಕೆಯವನು ಬರೆದ. ಗೋಡೆಯಾಚೆ ಗಂಡ ಪ್ರಾಣ ಬಿಡುತ್ತಿದ್ದಾನೆಂದು ತಿಳಿಯದೆ ಮಿಸ್ ಫಿಲೋ ಹಿಟ್ಟು ತಿರುವುತ್ತಿದ್ದಳಂತೆ, ಈ ಊರಿನ ರುಚಿ ನಿಂತಿರುವುದೇ ಇಂಥ ಕೈಗಳ ಮೇಲಂತೆ. ಹಾಳಾಗಿ ಹೋಗಲಿ ಅವನ ಲೇಖನಿ. ಹಿಂದೆಂದೂ ನಮ್ಮ ಕೇರಿಗೆ ಕಾಲಿಡದ ಬಿಳಿಯರು ಕಾರು ಮಾಡಿಕೊಂಡು ಬಂದರು. ಒಬ್ಬ ಕ್ಯಾಮೆರಾ ಹಿಡಿದು ಅಡುಗೆಮನೆಗೇ ನುಗ್ಗಿ, "ಆ ಕೈ ಒಂಚೂರು ಎತ್ತಿ ತೋರ್ಸಿ ಮಿಸ್ ಫಿಲೋ," ಅಂದ. ನಾನು ಅವನಿಗೆ ಬೀದಿ ತೋರಿಸಿದೆ.

"ಗಿರಾಕಿನ ಓಡಿಸ್ತೀರಲ್ಲ ಆಂಟಿ, ಹೋಟೆಲು ನಡೀಬೇಡ್ವಾ?" ಎಂದು ಯುಲಾಲಿ ಸಿಡುಕಿದಳು.

ಹೋಟೆಲು ನಡೆಯುವುದು ಅಷ್ಟರಲ್ಲೇ ಇತ್ತು. ಫಿಲೋಮೀನ್ ಮತ್ತೆ ಒಲೆಯ ಮುಂದೆ ನಿಂತ ಮೊದಲ ದಿನ ಯುಲಾಲಿ ನಿಂಬೆಹಣ್ಣು ಕೇಳಲು ಬಾಗಿಲಿಗೆ ಹೋಗಿದ್ದಳು. ಫಿಲೋಮೀನ್ ಸೌಟು ಬಿಸಾಕಿ ಓಡಿಬಂದು ಮಗಳ ಎರಡೂ ತೋಳು ಹಿಡಿದುಕೊಂಡಳು. "ಏನಾಯ್ತು? ಎಲ್ಲಿ ನೋವು? ಹೇಳು." ಹಿಂದೆ ಬಾಣಲೆ ಕರಕಲಾಯಿತು. ಮರುದಿನ ಮೀನಿನವನು ಬಂದ, ಅವನಿಗೂ ಹಾಗೇ. ಆಮೇಲೆ ಯಾರೂ ಬಾಗಿಲ ಬಳಿ ಸುಳಿಯದಂತೆ ನೋಡಿಕೊಂಡೆವು. ಆದರೂ ಹಿಟ್ಟು ಕಡಲೆಬೀಜದ ಬಣ್ಣ ದಾಟುವ ಹೊತ್ತಿಗೆ ಅವಳ ಕತ್ತು ತಾನಾಗಿ ಬಾಗಿಲ ಕಡೆ ಹೊರಳುತ್ತಿತ್ತು, ಕೈ ನಿಲ್ಲುತ್ತಿತ್ತು.

ಹಿಟ್ಟು ಹುರಿಯುವ ಕೆಲಸ ಯುಲಾಲಿಯ ಪಾಲಿಗೆ ಬಂತು. ಸೀಯುತ್ತದೆಂಬ ಹೆದರಿಕೆಗೆ ಅವಳು ಬೇಗ ಇಳಿಸುತ್ತಿದ್ದಳು. ಹೊರಗಿನವರು ಪತ್ರಿಕೆಯ ಮಾತು ನೆನೆದು ಆಹಾ ಎಂದರು, ಕೆಲವು ತಿಂಗಳಾದ ಮೇಲೆ ಬರುವುದನ್ನು ನಿಲ್ಲಿಸಿದರು. ಕೇರಿಯವರು ಒಂದು ಮಾತೂ ಆಡದೆ ಮುಂಚೆಯೇ ನಿಲ್ಲಿಸಿದ್ದರು. ಉಳಿದದ್ದು ಒಂದೇ ಆಸೆ, ಮುಂದಿನ ಪವಿತ್ರ ಗುರುವಾರ. ಆ ದಿನ ಕೇರಿಯವರು ಬಂದೇ ಬರುತ್ತಾರೆ. ಆ ಒಂದು ಗಂಬೊ ಸರಿಹೋದರೆ ಬಾರ್ತೆ ಬದುಕುತ್ತದೆ.

"ಮಮಾ, ಇದೊಂದ್ಸಲ," ಎಂದು ಯುಲಾಲಿ ಕೈ ಹಿಡಿದುಕೊಂಡಳು.

"ಆಯ್ತು ಬೇಬಿ. ಬಾಗಿಲು ಹಾಕಿ. ಬರ್ನೀಸ್ ಕಾವಲಿರ್ಲಿ."

ಗುರುವಾರ ಬೆಳಿಗ್ಗೆ ಪಾತ್ರೆಗಳ ಸಾಲು ಮೂಲೆಯ ತನಕ ಇತ್ತು. ನಾನು ಅಡುಗೆಮನೆಯ ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಪಕ್ಕದಲ್ಲೇ ಹೊಸ ಈರುಳ್ಳಿ ಮೂಟೆ, ಹಳೆಯದಿದ್ದ ಜಾಗದಲ್ಲೇ. ಒಳಗಿನಿಂದ ಸೌಟು ಬಾಣಲೆಗೆ ತಾಗುವ ಸದ್ದು ತಪ್ಪದೆ ಬರುತ್ತಿತ್ತು. ಘಮ ಬಂತು, ಹಳೆಯ ಘಮವೇ. ಇನ್ನೇನು ಈರುಳ್ಳಿ ಬೀಳಬೇಕು ಎಂದು ಕಿವಿಗೊಟ್ಟು ನಿಂತಿದ್ದೆ.

"ಯಾರು?" ಎಂದು ಫಿಲೋಮೀನ್ ಕೇಳಿದಳು.

"ಯಾರೂ ಇಲ್ಲ. ತಿರುವು ಫಿಲೋ."

"ಕರೆದ್ರಲ್ಲ."

"ಯಾರೂ ಕರೀಲಿಲ್ಲ ಕಣೆ, ದೇವ್ರಾಣೆ. ಕೈ ನಿಲ್ಲಿಸ್ಬೇಡ."

ಸೌಟಿನ ಸದ್ದು ನಿಂತಿತು. ಬಾಗಿಲು ನನ್ನ ಬೆನ್ನನ್ನು ದೂಡಿತು. ಬಲವಾಗಿ ಒತ್ತಿ ಹಿಡಿಯಬಹುದಿತ್ತು, ಹಿಡಿಯಲು ನನ್ನಿಂದ ಆಗಲಿಲ್ಲ. ಅವಳು ಹೊರಗೆ ಬಂದು, ನನ್ನನ್ನು ದಾಟಿ, ಮೂಟೆಯ ಮುಂದೆ ಮಂಡಿಯೂರಿ ಎಡಗೈಯನ್ನು ಅದರ ಮೇಲಿಟ್ಟಳು.

"ಬಂದೆ ಆಲ್ಸೀಡ್," ಅಂದಳು. "ಬಂದೆ, ಬಂದೆ."

ಒಳಗೆ ಹಿಟ್ಟು ತಳ ಹಿಡಿಯಿತು. ಸೀದ ವಾಸನೆ ಮುಂದಿನ ಕೋಣೆ ದಾಟಿ ಬೀದಿಗೂ ಹೋಯಿತು. ಪಾತ್ರೆ ಹಿಡಿದು ನಿಂತವರಿಗೆಲ್ಲ ಅದು ಬಡಿದಿರಲೇಬೇಕು. ಆದರೆ ಏನಾಯಿತೆಂದು ನೋಡಲು ಒಬ್ಬರೂ ಒಳಗೆ ಬರಲಿಲ್ಲ. ಹಿಟ್ಟು ಒಲೆಯ ಮೇಲಿರುವಾಗ ಬಾರ್ತೆಯ ಅಡುಗೆಮನೆ ಕಡೆ ಹೋಗಬಾರದೆಂದು ಅವರಿಗೆಲ್ಲ ಗೊತ್ತಿತ್ತು.