ಉಸಿರು ನೋಡುತ್ತಾ ಕೂತ ದಲಾಲಿ

ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ದಲಾಲಿ ಅಂಗಡಿ ಇಟ್ಟವನಿಗೆ ಕಣ್ಣಿನ ಪೊರೆ ಬರಬಾರದು. ಇಲ್ಲಿ ಕಾಯಿಯ ಬೆಲೆ ನಿಂತಿರುವುದೇ ಬಣ್ಣದ ಮೇಲೆ. ನನಗೋ ಎಲ್ಲ ಚೀಲವೂ ಒಂದೇ ಮಣ್ಣುಬಣ್ಣ. ಮಾರುಕಟ್ಟೆಯಲ್ಲಿ ಯಾರಿಗೂ ಹೇಳದೆ ಹಾವೇರಿಯ ಕಣ್ಣಿನ ಡಾಕ್ಟರ ಬಳಿ ಹೋದೆ. ಎರಡು ಸಲ ಆಪರೇಷನ್ನಿಗೆ ದಿನ ನಿಗದಿಯಾಯಿತು, ಎರಡು ಸಲವೂ ನನ್ನ ಬಿ.ಪಿ. ನೋಡಿ ವಾಪಸ್ ಕಳಿಸಿದರು. ಎರಡನೆಯ ಸಲ ನಾನು ಜಗಳಕ್ಕೇ ನಿಂತೆ. ಅದರಿಂದ ಬಿ.ಪಿ. ಇಳಿಯಲಿಲ್ಲ.

"ಸಿಟ್ಟು ಕಡಿಮಿ ಮಾಡ್ರಿ," ಎಂದರು ಡಾಕ್ಟರು. "ಗುಳಗಿ ಜೊತಿಗೆ ದಿನಾ ಮುಂಜಾನೆ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ಕುಂದರ್ರಿ. ಉಸಿರು ಒಳಗ ಹೋಗೂದು, ಹೊರಗ ಬರೂದು, ಅಷ್ಟ ನೋಡ್ರಿ."

ಅಂಗಡಿಯ ಗಾದಿಯ ಮೇಲೆ ಕೂತೆ. ಉಸಿರು ಒಳಗೆ ಹೋಯಿತು, ಅದರ ಹಿಂದೆಯೇ ಕಾಯಿಯ ವಾಸನೆಯೂ. ಮೂವತ್ತು ವರ್ಷ ಮೂಸಿ ಮೂಸಿ ಪಳಗಿದ ಮೂಗು ಧ್ಯಾನಕ್ಕೆ ಕೂತರೂ ವ್ಯಾಪಾರ ಬಿಡುತ್ತದೆಯೇ? ಮೂರನೆಯ ಉಸಿರಿಗೇ, "ಯಾವಂವಲೇ ತೂಕ ಹೆಚ್ಚಲಿ ಅಂತ ನೀರು ಹೊಡದ ಕಾಯಿ ತಂದಾಂವ?" ಎಂದು ಕಣ್ಣು ಮುಚ್ಚಿಕೊಂಡೇ ಕೂಗಿದೆ. ಹಮಾಲರು ಬೆರಗಾದರು. ನನಗೆ ಏನೋ ಸಿದ್ಧಿಯಾಗಿದೆ ಎಂದುಕೊಂಡು ಪಕ್ಕದ ಅಂಗಡಿಯವರು ತಮ್ಮ ಚೀಲಗಳನ್ನೂ ತಂದು ಮೂಸಿಸಿದರು. ಬಿ.ಪಿ. ಇನ್ನಷ್ಟು ಏರಿತು.

ಮನೆಯಲ್ಲಿ ಹೆಂಡತಿ ವರ್ಷದ ಖಾರಪುಡಿಗೆಂದು ಕಾಯಿಯ ತೊಟ್ಟು, ನಮ್ಮ ಮಾತಿನಲ್ಲಿ ತುಂಬು, ಬಿಡಿಸುತ್ತಿದ್ದಳು. "ಸುಮ್ಮನ ಕುಂದ್ರೂದು ನಿಮ್ಮ ಹಣೇಬರಹದಾಗ ಇಲ್ಲ. ಇಲ್ಲಿ ಬರ್ರಿ. ಒಂದು ತುಂಬಿಗೆ ಒಂದು ಉಸಿರು. ಮಾತಾಡಬ್ಯಾಡ್ರಿ," ಎಂದಳು. ಮೊದಲ ದಿನ ಅವಮಾನವೆನಿಸಿತು. ವಾರ ಕಳೆಯುವಷ್ಟರಲ್ಲಿ ಆ ಹೊತ್ತಿಗಾಗಿ ಕಾಯತೊಡಗಿದೆ. ಕೈ ತನ್ನ ಪಾಡಿಗೆ, ಉಸಿರು ತನ್ನ ಪಾಡಿಗೆ. ತಲೆನೋವು ಹೋಯಿತು, ನಿದ್ದೆ ಬಂತು. ಇಷ್ಟು ವರ್ಷ ಇವಳ ಪಕ್ಕ ಹೀಗೆ ಒಮ್ಮೆಯೂ ಕೂತಿರಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು.

ಮೂರನೆಯ ಸಲ ಆಪರೇಷನ್ನಿಗೆ ಹೊರಟ ಬೆಳಿಗ್ಗೆಯೂ ತಪ್ಪಿಸದೆ ಒಂದು ಬುಟ್ಟಿ ಮುಗಿಸಿದೆ. ಕೈಯನ್ನೇನೋ ತೊಳೆದಿದ್ದೆ. ಬಸ್ಸಿನಲ್ಲಿ ಕಣ್ಣು ಕೆರೆಯಿತು, ಉಜ್ಜಿಕೊಂಡೆ. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎಂದು ಮೂವತ್ತು ವರ್ಷ ಗಿರಾಕಿಗಳಿಗೆ ಹೇಳಿದ್ದೇನೆ. ಆ ಮಾತನ್ನು ಅಂದೇ ಹಿಂತೆಗೆದುಕೊಂಡೆ.

ಆಸ್ಪತ್ರೆಯಲ್ಲಿ ಬಿ.ಪಿ. ನೂರಿಪ್ಪತ್ತು, ಎಂಬತ್ತು. ಕಣ್ಣು ಮಾತ್ರ ಕೆಂಡ.

"ಈ ಕಣ್ಣಿಗೆ ನಾ ಹ್ಯಾಂಗ ಕೈ ಹಚ್ಚಲಿ? ಹದಿನೈದು ದಿನ ಬಿಟ್ಟು ಬರ್ರಿ," ಎಂದು ಡಾಕ್ಟರು ರೇಗಿದರು. ಎಷ್ಟೋ ತಿಂಗಳ ಮೇಲೆ ನನಗೆ ಸ್ಪಷ್ಟವಾಗಿ ಕಂಡ ಕೆಂಪೆಂದರೆ ಅವರ ಮುಖದ್ದು.

ನನಗೆ ಸಿಟ್ಟೇ ಬರಲಿಲ್ಲ. ಸುರಿಯುವ ಕಣ್ಣು ಒರೆಸಿಕೊಂಡು ಅವರ ಮುಂದೆ ಕುರ್ಚಿ ಸರಿಸಿದೆ.

"ಸಾಹೇಬ್ರ, ಸ್ವಲ್ಪ ಕುಂದರ್ರಿ. ಕಣ್ಣು ಮುಚ್ಚಿ ಉಸಿರು ನೋಡ್ರಿ."