ಸಮುದ್ರದ ತಳಕ್ಕೆ ನೇಯ್ದ ಎರಡು ಪಟ್ಟಿ

೧೯೯೫ರಲ್ಲಿ ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟೆ. ಇಳಕಲ್ಲಿನ ನಮ್ಮ ಮನೆಯಲ್ಲಿ ಮಗ್ಗಕ್ಕೆ ಕೂತವನು, ನೇಯ್ಗೆಯಲ್ಲಿ ಯಾರಿಂದಲೂ ಒಂದು ಮಾತು ಹೇಳಿಸಿಕೊಂಡವನಲ್ಲ. ಹೇಳಿಸಿಕೊಂಡದ್ದು ಒಂದೇ ಸಲ, ಹೋದ ವರ್ಷ, ಒಂಬತ್ತನೆಯ ತರಗತಿಯ ಮಗಳಿಂದ.

ನಾನು ಬಿಟ್ಟ ಶಾಲೆಯಲ್ಲೇ ಆಕೆ ಓದುತ್ತಾಳೆ. ಅಲ್ಲಿ ವಿಜ್ಞಾನ ಪ್ರದರ್ಶನವಿತ್ತು. ಗೆದ್ದ ಒಂದೇ ಮಾದರಿ ಬಾಗಲಕೋಟೆಯ ಜಿಲ್ಲಾ ಪ್ರದರ್ಶನಕ್ಕೆ. ಅದು ತನ್ನದೇ ಆಗಬೇಕೆಂದು ಆಕೆಯ ಹಟ.

"ಯಪ್ಪಾ, ಸಮುದ್ರದ ತಳದಾಗ ನಡುವ ಒಂದು ಗುಡ್ಡದ ಸಾಲು ಐತಿ. ಅಲ್ಲಿ ಭೂಮಿಯ ಎರಡು ಫಲಕ ಆ ಕಡಿಗೊಂದು ಈ ಕಡಿಗೊಂದು ಸರೀತಾವು. ನೆಲ ಜಗ್ಗಿ ತೆಳ್ಳಗಾಗಿ ಸೀಳ್ತೈತಿ. ಕೆಳಗಿನ ಕಾದ ಕಲ್ಲು ಮ್ಯಾಲ ಬಂದು, ಆರಿ, ಹೊಸಾ ನೆಲ ಆಗ್ತೈತಿ. ಎರಡು ಪಟ್ಟಿ ನೇದು ಕೊಡು. ಕಾದದ್ದಕ್ಕ ಕೆಂಪು, ಆರಿದ್ದಕ್ಕ ಕರಿ."

ನೇಯ್ದೆ. ಮೇಜಿನ ನಡುವೆ ಸೀಳು ಬಿಟ್ಟು, ಎರಡೂ ಅಂಚಿಗೆ ಉರುಳೆ ಕೂರಿಸಿ, ಪಟ್ಟಿಗಳನ್ನು ಸೀಳಿನ ಕೆಳಗೆ ಇಳಿಬಿಟ್ಟು, ಮೇಲಿನ ತುದಿಯನ್ನು ಉರುಳೆಗೆ ಹೊಲಿದೆ. ಉರುಳೆ ತಿರುವಿದರೆ ಬಟ್ಟೆ ಸೀಳಿನಿಂದ ಎದ್ದು ಎರಡೂ ಕಡೆ ಸರಿಯಬೇಕು.

ಪ್ರದರ್ಶನದ ದಿನ ಆಕೆ ತಿರುವಿದಳು. ಕೆಂಪು ಮೊದಲೇ ಹೊರಬಂದು ಅಂಚಿಗೆ ಹೋಗಿ ನಿಂತಿತು. ಜೀವನವಿಡೀ ಇಳಕಲ್ ಸೀರೆಯ ಕೆಂಪು ಸೆರಗನ್ನು ತುದಿಗೇ ನೇಯ್ದ ಕೈ, ಇಲ್ಲೂ ಕೆಂಪನ್ನು ತುದಿಗೇ ಇಟ್ಟಿತ್ತು.

"ಕಾದದ್ದು ನಡುವ ಇರ್ಬೇಕಪಾ! ಸಮುದ್ರಕ್ಕ ಸೀರಿ ಉಡಿಸಿ ಸೆರಗ ಬಿಟ್ಟಿಯೇನು?"

ಸುತ್ತಲಿನ ಮಕ್ಕಳು ನಕ್ಕರು. ನನಗೆ ಮನೆಗೆ ಹೋಗಬೇಕೆನಿಸಿತು, ಬಾಗಿಲ ಕಡೆ ತಿರುಗಿದೆ. ಪರೀಕ್ಷಕರು ಎರಡು ಮೇಜಿನಾಚೆ ಬಂದಿದ್ದರು. ಆಕೆಗೆ ವಿಜ್ಞಾನ ಕಲಿಸುವ ಬಾಯಾರು ನನ್ನ ಮುಖ ನೋಡಿದರು.

"ಎಲ್ಲಿಗೆ ಹೊಂಟ್ರಿ? ಕೂಡ್ರಿ. ಹೊಲಿಗಿ ಬಿಚ್ಚಾಕ ನಿಮಗಲ್ದ ಯಾರಿಗೆ ಬರ್ತೈತಿ? ಸಾಹೇಬರನ್ನ ನಾ ಮೊದಲ ಆ ಕಡೆ ಕರಕೊಂಡು ಹೋಗ್ತೇನಿ."

ಅದೇ ಶಾಲೆಯ ನೆಲದ ಮೇಲೆ ಮತ್ತೆ ಚಕ್ಕಳಮಕ್ಕಳ ಹಾಕಿದೆ. ಮಗಳು ದಾರ ಕತ್ತರಿಸಿದಳು, ನಾನು ಪಟ್ಟಿ ತಿರುಗಿಸಿ ಹೊಲಿದೆ. ಪರೀಕ್ಷಕರು ಬಂದಾಗ ಒಂದು ಉರುಳೆ ನನ್ನ ಕೈಯಲ್ಲೇ ಇತ್ತು.

"ಸಾವಕಾಶ ಯಪ್ಪಾ," ಎಂದು ಪಿಸುಗುಟ್ಟಿದಳು, "ಫಲಕ ಉಗುರು ಬೆಳದಂಗ ಸರೀತಾವು."

ಕರಿ ಎರಡೂ ಕಡೆ ಸಮನಾಗಿ ಸರಿಯಿತು. ಕೊನೆಗೆ ಸೀಳಿನಲ್ಲಿ ಕೆಂಪು ಎದ್ದಿತು.

"ಹಳೆಯ ನೆಲ ಯಾವುದು?" ಎಂದು ಪರೀಕ್ಷಕರು ಕೇಳಿದರು.

"ದೂರದ್ದು ಸರ್. ನಮ್ಮಪ್ಪನ ಮಗ್ಗದಾಗೂ ಹಂಗ. ಲಾಳಿ ಓಡೂವಲ್ಲಿ ಹೊಸಾ ಬಟ್ಟಿ ಹುಟ್ತೈತಿ, ಹಳೇದು ದೂರ ಸರಕೋಂತ ಹೋಗ್ತೈತಿ. ಸಮುದ್ರದ್ದು ಎರಡೂ ಕಡೆ ಸುತ್ತೂವ ಮಗ್ಗ."

ಮಾದರಿ ಬಾಗಲಕೋಟೆಗೆ ಹೋಯಿತು. ಹೋಗದಿದ್ದರೂ ಆ ಮಾತು ನನಗೆ ಸಾಕಿತ್ತು. ಬಾಯಾರಿಗೆ ಅಂದು ಕೈಮುಗಿದೆ, ಈಗಲೂ ಕಂಡಲ್ಲಿ ಮುಗಿಯುತ್ತೇನೆ.

ಇವತ್ತು ನನಗಿರುವುದು ಇಷ್ಟು: ಮಗ್ಗ ಎರಡು, ಮಗಳು ಒಬ್ಬಳು, ನಾನು ಬಿಟ್ಟುಹೋದರೂ ನನ್ನನ್ನು ಕೂಡ್ರಿಸಿಕೊಂಡ ಶಾಲೆ ಒಂದು.